"ಕೊಡಮ್ಮ ಇಲ್ಲಿ": ನಮ್ಮ ಮೇಷ್ಟ್ರುಗಳು ಡಿಜಿಟಲ್ ಕಲಿತ 50 ವರ್ಷಗಳ ಕಥೆ

ಇವತ್ತಿನ ಸಂಚಿಕೆಯನ್ನು ಬೆನ್ಸನ್ ಟೌನ್‌ನ ನಮ್ಮ ಮನೆಯಲ್ಲೇ ಕೂತು ರೆಕಾರ್ಡ್ ಮಾಡ್ತಾ ಇದ್ದೀನಿ. ಮಧ್ಯೆ ಕಂಟೋನ್ಮೆಂಟ್ ಸ್ಟೇಷನ್ ಕಡೆಯಿಂದ ರೈಲಿನ ಸದ್ದು ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. 2020ರ ಜೂನ್. ಶಾಲೆಗಳು ಮುಚ್ಚಿದ್ದವು. ನನ್ನ ಅಮ್ಮ ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಮನೆಯಲ್ಲಿ ತಮಿಳು, ಉರ್ದು ಮಾತಾಡುವ ಮಕ್ಕಳಿಗೆ ಇಪ್ಪತ್ತೈದು ವರ್ಷ ಕನ್ನಡದಲ್ಲಿ ಲೆಕ್ಕ ಹೇಳಿಕೊಟ್ಟವರು. ಆನ್‌ಲೈನ್ ಕ್ಲಾಸ್‌ಗೆ ಲಿಂಕ್ ಕಳಿಸೋದು ಹೇಗೆ ಅಂತ ನನ್ನನ್ನು ಕೇಳಿದರು. "ಕೊಡಮ್ಮ ಇಲ್ಲಿ" ಅಂತ ಫೋನ್ ಕಿತ್ಕೊಂಡು, ನಾಲ್ಕು ಕಡೆ ಒತ್ತಿ, ವಾಪಸ್ ಕೊಟ್ಟೆ. ಮಾರನೇ ದಿನ ಮತ್ತೆ ಕೇಳಿದರು, ಮತ್ತೆ ಕಿತ್ಕೊಂಡೆ. ನಾಲ್ಕನೇ ದಿನ ಅವರು ಕೇಳಲೇ ಇಲ್ಲ. ಆ ವಾರ ಅಪ್ಪನ ಹತ್ತಿರ, "ಸ್ವಯಂ ನಿವೃತ್ತಿ ತಗೊಂಡ್ಬಿಡ್ತೀನಿ ರೀ, ನನ್ನ ಕೈಲಿ ಇದೆಲ್ಲ ಆಗಲ್ಲ" ಅಂದದ್ದು ಕಿವಿಗೆ ಬಿತ್ತು.

ಆಮೇಲೆ ಹಳೆಯ ಕಥೆಗಳನ್ನು ಓದುತ್ತಾ ಹೋದಾಗ ಗೊತ್ತಾಯಿತು: ನಾನು ಮಾಡಿದ್ದನ್ನೇ ನಮ್ಮ ಸರ್ಕಾರಗಳೂ ಮತ್ತೆ ಮತ್ತೆ ಮಾಡಿವೆ.

ಶುರುವಾಗಿದ್ದು ಮಾತ್ರ ಚೆನ್ನಾಗಿಯೇ ಇತ್ತು. 1975ರ ಆಗಸ್ಟ್ 1ರಂದು ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಸೈಟ್ ಎಂಬ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮಕ್ಕಳ ಕಾರ್ಯಕ್ರಮಗಳ ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಅದೇ ಟಿವಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ವಿಜ್ಞಾನ ಪಾಠದ 12 ದಿನಗಳ ತರಬೇತಿ ನಡೆಯಿತು. ಎರಡು ಸುತ್ತಿನಲ್ಲಿ ಸುಮಾರು 50 ಸಾವಿರ ಶಿಕ್ಷಕರು! ಅವರು ಬರೀ ಟಿವಿ ನೋಡಲಿಲ್ಲ. ಜೊತೆಗೆ ರೇಡಿಯೊ ಪಾಠ, ಅಚ್ಚಾದ ಪಠ್ಯ, ಕೈಯಾರೆ ಮಾಡುವ ಪ್ರಯೋಗ, ಚರ್ಚೆ ಎಲ್ಲವೂ ಇತ್ತು. ಒಂದು ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು.

ಮುಂದೆ 1984ರಲ್ಲಿ ಕ್ಲಾಸ್ ಎಂಬ ಕೇಂದ್ರ ಯೋಜನೆ ಬಂತು. ದೇಶದ ಸುಮಾರು 250 ಶಾಲೆಗಳಿಗೆ ಮೊದಲ ಹಂತದಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದವು. ಅಲ್ಲಿಂದ ಶಾಲೆಯಲ್ಲಿ "ಕಂಪ್ಯೂಟರ್ ರೂಮು" ಅನ್ನೋ ಬೇರೆ ಲೋಕವೇ ಹುಟ್ಟಿತು. ಅಮ್ಮ ಅಂಥ ಒಂದು ರೂಮು ನೋಡಿದ್ದಾರೆ. ಯಾವ ಶಾಲೆ ಅನ್ನೋದು ಬೇಡ. ಚಪ್ಪಲಿ ಹೊರಗೆ, ಮಾನಿಟರ್ ಮೇಲೆ ಬಟ್ಟೆ, ಬಾಗಿಲಿಗೆ ಬೀಗ. "ಕೀ ನಮ್ಮ ಹತ್ರ ಇರ್ತಾ ಇರ್ಲಿಲ್ಲ. ಕೆಟ್ಟರೆ ಯಾರು ಹೊಣೆ ಅಂತ ನಾವೂ ಕೇಳ್ತಾ ಇರ್ಲಿಲ್ಲ" ಅಂತಾರೆ.

2001ರಲ್ಲಿ ಕರ್ನಾಟಕ ಸರ್ಕಾರ ಮಾಹಿತಿ ಸಿಂಧು ಯೋಜನೆ ತಂದಿತು. ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್! ಐಟಿ ರಾಜಧಾನಿ ಅಂತ ಬೆಂಗಳೂರು ಬೀಗುತ್ತಿದ್ದ ಕಾಲ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರವೂ ಖಾಸಗಿ ಕಂಪನಿಯದು, ಕಲಿಸುವವರೂ ಕಂಪನಿಯವರು. ಅದೇ ಹೊತ್ತಿಗೆ ಪಕ್ಕದ ಕೇರಳ ಐಟಿ@ಸ್ಕೂಲ್ ಶುರು ಮಾಡಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟರು, ಅವರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಮಾಡಿದರು, ಮುಂದೆ ಉಚಿತ, ಮುಕ್ತ ಸಾಫ್ಟ್‌ವೇರ್ ಬಳಸಿದರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2010ರಲ್ಲಿ ಎರಡನ್ನೂ ಹೋಲಿಸಿ ಅಧ್ಯಯನ ಮಾಡಿತು. ಹೊರಗಿನವರಿಗೆ ವಹಿಸಿದ ಕಡೆ ಕಂಪ್ಯೂಟರ್ ಪಾಠದೊಳಗೆ ಬೆರೆಯಲಿಲ್ಲ, ಶಿಕ್ಷಕರೇ ನಡೆಸಿದ ಕಡೆ ಬೆರೆಯಿತು ಅನ್ನೋದು ಅದರ ಸಾರ.

2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಆಕಾಶದಿಂದ ಇಳಿಯಿತು. ದೊಡ್ಡ ಸಾಹಸ, ಒಪ್ಪೋಣ. ಆದರೆ ಪಾಠ ಮಾಡುತ್ತಿದ್ದುದು ಪರದೆ. ಮೇಷ್ಟ್ರು ಮಕ್ಕಳ ಜೊತೆ ಕೂತು ನೋಡುವವರಾದರು.

ತಿರುವು ಬಂದಿದ್ದು 2011ರ ಸುಮಾರಿಗೆ. ರಾಜ್ಯದ ಶಿಕ್ಷಣ ಇಲಾಖೆ ಮತ್ತು ಐಟಿ ಫಾರ್ ಚೇಂಜ್ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಇಲ್ಲಿ ಕಲಿಸಿದ್ದು ಬಟನ್ ಒತ್ತೋದನ್ನಲ್ಲ. ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು, ಒಂದು ಮೂಲೆ ಹಿಡಿದು ಎಳೆದರೆ ಕೋನಗಳೆಲ್ಲ ಬದಲಾದರೂ ಮೊತ್ತ 180 ಡಿಗ್ರಿಯೇ ಉಳಿಯೋದನ್ನು ಮಕ್ಕಳಿಗೆ ತೋರಿಸೋದು ಹೇಗೆ ಅನ್ನೋದನ್ನು. ಮುಂದೆ ಶಿಕ್ಷಕರೇ ಸೇರಿ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದು, ಯಾರು ಬೇಕಾದರೂ ಬಳಸಿ ಅಂತ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಹಾಕತೊಡಗಿದರು. ನೋಡುವವರು ಮಾಡುವವರಾದರು.

2017ರ ಶಿಕ್ಷಕರ ದಿನಾಚರಣೆಯಂದು ದೀಕ್ಷಾ ವೇದಿಕೆ ಬಂತು. ಅದರ ಹಿಂದಿನ ತಂತ್ರಜ್ಞಾನ ಸನ್‌ಬರ್ಡ್, ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್‌ನದು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು, ಶಿಕ್ಷಕರ ತರಬೇತಿಯೂ ಫೋನಿಗೇ ಬಂತು. ಆದರೆ ಕೋಡ್ ಸ್ಕ್ಯಾನ್ ಮಾಡೋದು ಬೇರೆ, ಪಾಠ ಕಟ್ಟೋದು ಬೇರೆ ಅಲ್ವಾ?

ಮತ್ತೆ 2020ಕ್ಕೆ ಬರೋಣ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಸ್ಮಾರ್ಟ್‌ಫೋನ್ ಇರುವ, ಸಾದಾ ಫೋನ್ ಇರುವ, ಏನೂ ಇಲ್ಲದ ಮಕ್ಕಳು ಅಂತ ಮೂರು ಗುಂಪು ಮಾಡಿ, ಮಕ್ಕಳಿದ್ದ ಕಡೆಗೇ ಶಿಕ್ಷಕರು ಹೋದರು. ಅಮ್ಮನೂ ಓಣಿ ಓಣಿ ಸುತ್ತಿದರು. ಫೋನ್ ಇದ್ದ ಮನೆಗಳಲ್ಲೂ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತಿತ್ತು. ಸಂಜೆ ಫೋನ್ ಬಂದ ಮೇಲೆ ನೋಡೋದಕ್ಕೆ ಒಂದು ವಿಡಿಯೊ ಬೇಕಿತ್ತು.

ಅಮ್ಮನಿಗೆ ಅದನ್ನು ಕಲಿಸಿದ್ದು ನಾನಲ್ಲ. ಆ ಹಳೇ ತರಬೇತಿಯಲ್ಲಿ ಕಲಿತಿದ್ದ ಒಬ್ಬ ಸಹೋದ್ಯೋಗಿ ದಿನಾ ರಾತ್ರಿ ಫೋನ್ ಮಾಡಿ, "ಮೇಡಂ, ಈಗ ನೀವೇ ಒತ್ತಿ. ತಪ್ಪಾದರೆ ಆಗಲಿ" ಅಂತಿದ್ದರು. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಫೋನ್ ಇಟ್ಟು, ಕೆಳಗೆ ನೋಟ್‌ಬುಕ್ ಬಿಡಿಸಿ, ಅಮ್ಮ ಮೊದಲ ವಿಡಿಯೊ ಮಾಡಿದರು: ಏಳು ನಿಮಿಷ, ವರ್ಗ ಸಮೀಕರಣ. ಮಧ್ಯದಲ್ಲಿ ಕುಕ್ಕರ್ ಕೂಗಿದೆ, ಅದನ್ನು ತೆಗೆದಿಲ್ಲ. ನಿವೃತ್ತಿಯ ಮಾತು ಮತ್ತೆ ಬರಲಿಲ್ಲ.

ಈಗ ಏಐ ಬಂದಿದೆ. ಮೊನ್ನೆ ಅಮ್ಮ, "ಇದರಲ್ಲಿ ಪ್ರಶ್ನೆಪತ್ರಿಕೆ ಮಾಡೋದು ಹೇಗೋ?" ಅಂದರು. ನನ್ನ ಕೈ ಫೋನಿನ ಕಡೆ ಹೋಗೇಬಿಟ್ಟಿತ್ತು. ವಾಪಸ್ ಎಳ್ಕೊಂಡು, ಪಕ್ಕದಲ್ಲಿ ಕೂತೆ. ಮುಕ್ಕಾಲು ಗಂಟೆ ಹಿಡೀತು. ಬಂದ ಹತ್ತು ಲೆಕ್ಕದಲ್ಲಿ ಎರಡು ತಪ್ಪು ಅಂತ ಅಮ್ಮನೇ ಹಿಡಿದರು. ನಾನು ಮಾಡಿಕೊಟ್ಟಿದ್ದರೆ ಆ ಎರಡೂ ಮಕ್ಕಳ ಕೈಗೆ ಹೋಗಿರುತ್ತಿದ್ದವು.

ನಿಮ್ಮ ಮನೆಯಲ್ಲೂ ಒಬ್ಬ ಮೇಷ್ಟ್ರೋ ಟೀಚರೋ ಇದ್ದರೆ, ಇವತ್ತು ಸಂಜೆ ಒಂದರ್ಧ ಗಂಟೆ ಪಕ್ಕದಲ್ಲಿ ಕೂತ್ಕೊಳ್ಳಿ. ಫೋನ್ ಮಾತ್ರ ಅವರ ಕೈಯಲ್ಲೇ ಇರಲಿ.