ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವಾಗ ಹೆಬ್ಬೆರಳು ಎಲ್ಲಿರಬೇಕು?

ಸಾಗರ: ಏಪ್ರಿಲ್, ಮೇ ತಿಂಗಳ ಗುಡುಗು-ಗಾಳಿಗೆ ಮರ ಉರುಳಿ ತಂತಿ ತುಂಡಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳಿಗೆ ಕರೆಂಟ್ ಮರಳಲು ಕೆಲವೊಮ್ಮೆ ದಿನಗಳೇ ಬೇಕಾಗುತ್ತವೆ. ಜೋಗದಲ್ಲಿ 1948ರಿಂದಲೇ ವಿದ್ಯುತ್ ಉತ್ಪಾದನೆ ಆರಂಭವಾದರೂ ಕಾಡಿನ ನಡುವೆ ಹಾದುಬರುವ ತಂತಿಗೆ ಅದರಿಂದ ರಕ್ಷಣೆಯೇನೂ ಸಿಕ್ಕಿಲ್ಲ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ತಪ್ಪುವಂತಿಲ್ಲ. ಆಗ ನೆನಪಾಗುವುದು ಪಂಪ್‌ ಶೆಡ್ಡಿನ ಮೂಲೆಯಲ್ಲಿರುವ, ಗಾಳಿಯಿಂದ ತಣಿಯುವ ಡೀಸೆಲ್ ಎಂಜಿನ್. ಅದಕ್ಕೆ ಬ್ಯಾಟರಿ ಬೇಡ, ರೇಡಿಯೇಟರ್ ಬೇಡ. ಕಬ್ಬಿಣದ ಹ್ಯಾಂಡಲ್ ಮತ್ತು ತಿರುಗಿಸುವ ಕ್ರಮ ಬಲ್ಲ ಕೈ ಇದ್ದರೆ ಸಾಕು. ಕ್ರಮ ತಪ್ಪಿದರೆ ಅದೇ ಹ್ಯಾಂಡಲ್ ಮಣಿಕಟ್ಟನ್ನು ಮುರಿಯಬಲ್ಲದು.

ಕಾರಿನಲ್ಲೂ ಇದೇ ಪದ್ಧತಿ

ಮೋಟಾರು ಯುಗದ ಆರಂಭದಲ್ಲಿ ಕಾರುಗಳನ್ನೂ ಹೀಗೆಯೇ ಚಾಲೂ ಮಾಡಲಾಗುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಬಳಿಕ ಹ್ಯಾಂಡಲ್ ಕ್ರಮೇಣ ಹಿಂದೆ ಸರಿಯಿತು. ಆದರೂ 1948ರಿಂದ 1990ರವರೆಗೆ ತಯಾರಾದ ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರು ಅದನ್ನು ಉಳಿಸಿಕೊಂಡಿತ್ತು. ಎರಡು ಸಿಲಿಂಡರಿನ, ಗಾಳಿಯಿಂದ ತಣಿಯುವ ಈ ಎಂಜಿನ್‌ನ ಫ್ಯಾನಿನ ನಡುವಿಗೆ ಮುಂಭಾಗದಿಂದ ಹ್ಯಾಂಡಲ್ ತೂರಿಸಿ ತಿರುಗಿಸಬಹುದಿತ್ತು. ಚಕ್ರದ ನಟ್ಟು ಬಿಚ್ಚಲೂ ಅದೇ ಹ್ಯಾಂಡಲ್ ಬಳಕೆಯಾಗುತ್ತಿತ್ತು.

ಡೀಸೆಲ್ ಏಕೆ ಬಿಗಿ?

ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ಡೀಸೆಲ್‌ನಲ್ಲಿ ಕಿಡಿಯಿಲ್ಲ; ಬಲವಾಗಿ ಒತ್ತಲ್ಪಟ್ಟ ಗಾಳಿಯ ಕಾವಿನಿಂದಲೇ ಇಂಧನ ಹೊತ್ತಬೇಕು. ಉದಾಹರಣೆಗೆ, ಕಿರ್ಲೋಸ್ಕರ್ ಕಂಪೆನಿಯ ಟಿಎಎಫ್-1 ಎಂಬ ಒಂದು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತಿನ ವೇಗದಲ್ಲಿ 4.4 ಕಿಲೋವಾಟ್, ಅಂದರೆ ಸುಮಾರು 6 ಅಶ್ವಶಕ್ತಿ ನೀಡುತ್ತದೆ. ಇದರೊಳಗೆ ಗಾಳಿ ತನ್ನ ಮೂಲ ಗಾತ್ರದ ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಈ ಒತ್ತಡವನ್ನು ಬರಿಗೈಯಿಂದ ಗೆಲ್ಲುವುದು ಕಷ್ಟ.

ಅದಕ್ಕಾಗಿಯೇ ಡಿಕಂಪ್ರೆಷನ್ ಲಿವರ್ ಇದೆ. ಅದನ್ನು ಎತ್ತಿದಾಗ ವಾಲ್ವ್ ತೆರೆದೇ ಇದ್ದು ಗಾಳಿ ಹೊರಹೋಗುತ್ತದೆ. ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಭಾರದ ಫ್ಲೈವೀಲ್‌ಗೆ ವೇಗ ಬಂದ ಮೇಲೆ ಲಿವರ್ ಇಳಿಸಿದರೆ, ಮೊದಲ ಒತ್ತಡವನ್ನು ದಾಟಿಸುವ ಕೆಲಸವನ್ನು ಫ್ಲೈವೀಲ್ ಮಾಡುತ್ತದೆ.

ಚಾಲೂ ಮಾಡುವ ಕ್ರಮ

1. ಆಯಿಲ್ ಮಟ್ಟ ಮತ್ತು ಡೀಸೆಲ್ ನೋಡಿಕೊಳ್ಳಬೇಕು. ಟ್ಯಾಂಕ್ ಪೂರ್ತಿ ಬರಿದಾಗಿದ್ದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ತೆಗೆಯಬೇಕು.

2. ಸಿಲಿಂಡರಿನ ಸುತ್ತಲಿನ ರೆಕ್ಕೆಯಂಥ ಪಟ್ಟಿಗಳನ್ನೂ ಫ್ಯಾನಿನ ಬಾಯಿಯನ್ನೂ ಶುಚಿಗೊಳಿಸಬೇಕು. ದರಗು, ಧೂಳು, ಜೇಡರ ಬಲೆ ತುಂಬಿದ್ದರೆ ಗಾಳಿ ಆಡದೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

3. ಹ್ಯಾಂಡಲ್ ಕೂರುವ ಜಾಗಕ್ಕೆ ತುಸು ಎಣ್ಣೆ ಹಚ್ಚಬೇಕು.

4. ಲಿವರ್ ಎತ್ತಿ, ಕೆಲವು ಸುತ್ತು ನಿಧಾನವಾಗಿ ತಿರುಗಿಸಬೇಕು. ಇಂಜೆಕ್ಟರ್ ಕಿರುಗುಟ್ಟುವ ಸದ್ದು ಕೇಳಿಸಿದರೆ ಡೀಸೆಲ್ ಒಳಹೋಗುತ್ತಿದೆ ಎಂದರ್ಥ.

5. ನಂತರ ಸಾಧ್ಯವಾದಷ್ಟು ವೇಗವಾಗಿ ತಿರುಗಿಸಿ ಲಿವರ್ ಇಳಿಸಬೇಕು. ಇಳಿಸಿದ ಮೇಲೂ ತಿರುಗಿಸುವುದನ್ನು ನಡುವೆ ನಿಲ್ಲಿಸಬಾರದು.

ತಿರುಗೇಟು ಬೀಳುವುದು ಹೇಗೆ?

ಹ್ಯಾಂಡಲಿನ ತುದಿಯ ಹಲ್ಲಿಗೆ ಒಂದು ಬದಿ ಓರೆ, ಇನ್ನೊಂದು ಬದಿ ನೇರ. ಎಂಜಿನ್ ಹೊತ್ತಿಕೊಂಡು ಮುಂದಕ್ಕೆ ಓಡಿದರೆ ಓರೆಯ ಬದಿ ಜಾರಿ ಹ್ಯಾಂಡಲ್ ತಾನಾಗಿ ಬಿಡುತ್ತದೆ. ವೇಗ ಸಾಲದೆ ಎಂಜಿನ್ ಹಿಂದಕ್ಕೆ ಒದ್ದರೆ ನೇರ ಬದಿ ಕಚ್ಚಿಕೊಂಡು ಹ್ಯಾಂಡಲನ್ನೂ ಕೈಯನ್ನೂ ಜೊತೆಗೇ ಎಳೆಯುತ್ತದೆ. ಹೀಗೆ ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಕಡೆಯ ಮೂಳೆ ಮುರಿಯುವುದಕ್ಕೆ ವೈದ್ಯರು ಇಂದಿಗೂ ‘ಶೋಫರ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಹಿಂದಿನ ಕಾರು ಚಾಲಕರಿಂದ ಬಂದ ಹೆಸರದು.

ಆದ್ದರಿಂದ ಹೆಬ್ಬೆರಳನ್ನು ಹಿಡಿಕೆಯ ಸುತ್ತ ಮಡಿಸಬಾರದು. ಉಳಿದ ನಾಲ್ಕು ಬೆರಳುಗಳ ಬದಿಯಲ್ಲೇ ಇಟ್ಟುಕೊಳ್ಳಬೇಕು. ಆಗ ಹ್ಯಾಂಡಲ್ ಹಿಂದಕ್ಕೆ ಬಂದರೂ ಹಿಡಿತ ಬಿಚ್ಚಿಕೊಳ್ಳುತ್ತದೆ. ಹಳೆಯ ಪೆಟ್ರೋಲ್ ಕಾರಿನಲ್ಲಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯಬೇಕು. ಮೈಭಾರ ಹಾಕಿ ಕೆಳಕ್ಕೆ ಒತ್ತುವುದು ಸಲ್ಲದು.

ಪಂಚೆಯ ಅಂಚು, ಹೆಗಲ ಮೇಲಿನ ಟವೆಲ್ ತಿರುಗುವ ಭಾಗದ ಬಳಿ ಸುಳಿಯಬಾರದು. ತುಕ್ಕು ಹಿಡಿದ ಹ್ಯಾಂಡಲ್ ಬಿಡದೆ ಎಂಜಿನ್ ಜೊತೆ ತಿರುಗತೊಡಗಿದರೆ ಅದನ್ನು ಹಿಡಿಯಲು ಹೋಗದೆ, ಅದು ಸುತ್ತುವ ನೇರದಿಂದ ದೂರ ಸರಿದು ಡೀಸೆಲ್ ನಿಲ್ಲಿಸಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿನ ವಿಷಾನಿಲದಿಂದ ಜೀವಕ್ಕೇ ಅಪಾಯ.

ಮಳೆಗಾಲವಿಡೀ ಸುಮ್ಮನಿದ್ದ ಎಂಜಿನ್ ಅನ್ನು ಕರೆಂಟ್ ಹೋದ ದಿನವೇ ಅವಸರದಲ್ಲಿ ತಿರುಗಿಸುವುದಕ್ಕಿಂತ, ಬೇಸಿಗೆಗೆ ಮುನ್ನ ಒಮ್ಮೆ ಚಾಲೂ ಮಾಡಿ ನೋಡುವುದು ಒಳಿತು. ಮನೆಯ ಕಿರಿಯರಿಗೆ ಈ ಕೆಲಸ ಕಲಿಸುವಾಗ ಹ್ಯಾಂಡಲ್ ಕೈಗೆ ಕೊಡುವ ಮೊದಲು ಹೆಬ್ಬೆರಳಿನ ಪಾಠ ಆಗಿರಲಿ.