ಕನ್ನಡ ಕರಾವಳಿಯೂ ಕಡಲ ರಹದಾರಿಯೂ

ಒಂದು ನಾಡಿನ ಬಂದರಿನಿಂದ ಹೊರಟು ಹಲವು ನಾಡುಗಳ ಬಂದರುಗಳನ್ನು ಮುಟ್ಟಿ ಹಿಂದಿರುಗುವ ಹಡಗಿನ ಪ್ರಯಾಣಿಕನಿಗೆ ಈ ಕಾಲದಲ್ಲಿ ಸಾಮಾನ್ಯವಾಗಿ ಎರಡು ಪತ್ರಗಳು ಬೇಕಾಗುತ್ತವೆ. ಇಂಥವನು ತನ್ನ ಪ್ರಜೆಯೆಂದು ಅವನ ಸರ್ಕಾರವು ಕೊಡುವ ರಹದಾರಿ, ಅಂದರೆ ಪಾಸ್‌ಪೋರ್ಟು, ಒಂದು; ಹಡಗು ತಂಗುವ ಬಂದರಿನ ಸರ್ಕಾರವು ಕೊಡುವ ಪ್ರವೇಶಾನುಮತಿ, ಅಂದರೆ ವೀಸಾ, ಇನ್ನೊಂದು. ಮೊದಲನೆಯದನ್ನು ಕೊಡುವವನು ಪ್ರಯಾಣಿಕನ ಸ್ವದೇಶದ ಒಡೆಯ. ಎರಡನೆಯದನ್ನು ಕೊಡುವವನು ಆತನು ಇಳಿಯುವ ನೆಲದ ಒಡೆಯ. ಈ ಎರಡು ನೆಲಗಳ ನಡುವೆ ಹಬ್ಬಿರುವ ಮಹಾಸಾಗರಕ್ಕೆ ಒಡೆಯರಿಲ್ಲವಾದ್ದರಿಂದ ಅದನ್ನು ದಾಟುವುದಕ್ಕಾಗಿ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ.

ಆದರೆ ಹದಿನಾರನೆಯ ಶತಮಾನದ ಆದಿಯಿಂದ ಬಹುಕಾಲದವರೆಗೆ ಕನ್ನಡ ಕರಾವಳಿಯ ನಾವಿಕರಿಗೆ ಮೂರನೆಯದೊಂದು ಪತ್ರವು ಅಗತ್ಯವಾಗಿದ್ದಿತು. ಪೋರ್ಚುಗೀಸರು ಕೊಡುತ್ತಿದ್ದ ಆ ಪತ್ರಕ್ಕೆ ‘ಕರ್ತಾಜ್’ ಎಂದು ಹೆಸರು. ಇತಿಹಾಸಗ್ರಂಥಗಳಲ್ಲಿ ಇದನ್ನು ಪಾಸ್‌ಪೋರ್ಟೆಂದೇ ಅನುವಾದಿಸುವ ರೂಢಿಯುಂಟು. ಈ ಅನುವಾದವು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ. ಏಕೆಂದರೆ ಕರ್ತಾಜನ್ನು ಕೊಡುತ್ತಿದ್ದವನು ಹಡಗು ಹೊರಟ ನೆಲಕ್ಕೂ ಒಡೆಯನಲ್ಲ, ಸೇರುವ ನೆಲಕ್ಕೂ ಒಡೆಯನಲ್ಲ.

೧. ಅಭಯಪತ್ರದ ಕಾಲ

ಪೋರ್ಚುಗೀಸರು ಬರುವುದಕ್ಕೆ ಮುಂಚೆ ದಕ್ಷಿಣ ಭಾರತದ ಬಂದರುಗಳಲ್ಲಿ ಪ್ರವೇಶದ ಕಟ್ಟುಪಾಡುಗಳೇ ಇರಲಿಲ್ಲವೆಂದು ಭಾವಿಸಬಾರದು. ಬಂದರಿನ ಒಡೆತನವು ಅರಸನದು, ಸುಂಕವೂ ಅವನದು. ಗಾಳಿಗೆ ಸಿಕ್ಕಿ, ತಾನು ಹೋಗಬೇಕಾದ ಊರನ್ನು ಬಿಟ್ಟು ಬೇರೆ ತೀರಕ್ಕೆ ಬಂದು ಬಿದ್ದ ಹಡಗಿನ ಸರಕೆಲ್ಲವೂ ಆ ತೀರದ ದೊರೆಗೆ ಸೇರತಕ್ಕದ್ದೆಂಬ ಕಠಿನವಾದ ಆಚಾರವೂ ಹಲವೆಡೆಗಳಲ್ಲಿ ಇದ್ದಿತು. ಕಾಕತೀಯ ಗಣಪತಿದೇವನು ಕ್ರಿ. ಶ. ೧೨೪೪ರ ಸುಮಾರಿಗೆ ತೆಲುಗು ಕರಾವಳಿಯ ಮೋಟುಪಲ್ಲಿಯಲ್ಲಿ ಹಾಕಿಸಿದ ಅಭಯಶಾಸನವು ಈ ಆಚಾರವನ್ನು ಹೆಸರಿಸಿ ನಿಲ್ಲಿಸುತ್ತದೆ. ಪೂರ್ವದ ಅರಸರು ಬಲಾತ್ಕಾರದಿಂದ ಕಸಿದುಕೊಳ್ಳುತ್ತಿದ್ದುದನ್ನು ತಾನು ಬಿಟ್ಟು, ಗೊತ್ತಾದ ಸುಂಕವನ್ನು ಮಾತ್ರ ತೆಗೆದುಕೊಳ್ಳುವೆನೆಂದು ಅಲ್ಲಿ ದೊರೆಯು ದ್ವೀಪಾಂತರದ ವರ್ತಕರಿಗೆ ಭಾಷೆ ಕೊಟ್ಟಿದ್ದಾನೆ.

ಎರಡು ಶತಮಾನಗಳ ತರುವಾಯ, ೧೪೪೩ರಲ್ಲಿ, ಕಲ್ಲಿಕೋಟೆಯಿಂದ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇದೇ ವಿಷಯವನ್ನು ಗಮನಿಸಿದ್ದಾನೆ. ಬೇರೆಡೆಗಳಲ್ಲಿ ದಾರಿ ತಪ್ಪಿ ಬಂದ ಹಡಗನ್ನು ಗಾಳಿಯು ತಮಗಾಗಿ ತಂದುದೆಂದು ಸುಲಿಯುವರೆಂದೂ, ಕಲ್ಲಿಕೋಟೆಯಲ್ಲಿ ಮಾತ್ರ ಎಲ್ಲಿಂದ ಬಂದು ಎಲ್ಲಿಗೆ ಹೋಗುವ ಹಡಗಾದರೂ ಒಂದೇ ರೀತಿಯಲ್ಲಿ ನೋಡಿಕೊಳ್ಳುವರೆಂದೂ ಅವನು ಮೆಚ್ಚಿ ಬರೆದನು. ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿಭಾಗದಲ್ಲಿಯೂ ಅರಸನು ಬಂದರುಗಳನ್ನು ಊರ್ಜಿತಗೊಳಿಸಬೇಕೆಂಬ, ಬಿರುಗಾಳಿಯಿಂದಲೋ ರೋಗದಿಂದಲೋ ಬಳಲಿ ಬಂದಿಳಿದ ಪರದೇಶದವರನ್ನು ಅವರವರ ದೇಶಕ್ಕೆ ತಕ್ಕಂತೆ ಉಪಚರಿಸಬೇಕೆಂಬ ಉಪದೇಶವುಂಟು. ಮುಂದೆ ‘ಕೌಲು’ ಎಂದು ಹೆಸರಾದ ಅಭಯಪತ್ರದ ತಿರುಳು ಇದೇ. ಆತಿಥೇಯನು ಅತಿಥಿಗೆ ಕೊಟ್ಟ ಭಾಷೆಯೇ ಅದು. ಇಂದಿನ ವೀಸಾ ಪತ್ರಕ್ಕೆ ಪೂರ್ವಜವನ್ನು ಹುಡುಕುವುದಾದರೆ ಅದು ಇಲ್ಲಿದೆ.

೨. ಕರ್ತಾಜಿನ ಸ್ವರೂಪ

‘ಕರ್ತಾಜ್’ ಎಂಬುದು ಕಾಗದವೆಂಬ ಅರ್ಥದ ‘ಕಿರ್ತಾಸ್’ ಎಂಬ ಅರಬ್ಬೀ ಶಬ್ದದಿಂದ ಬಂದುದು. ೧೫೦೨ರಲ್ಲಿ ವಾಸ್ಕೋ ಡ ಗಾಮನು ತನ್ನ ಎರಡನೆಯ ಯಾನದಲ್ಲಿ ಭಟ್ಕಳದ ಮೇಲೆ ಬಿದ್ದು, ಅಲ್ಲಿಯವರಿಂದ ಅಕ್ಕಿಯ ಕಪ್ಪವನ್ನು ಪಡೆದನು. ಅಲ್ಲಿ ಮೆಣಸಿನ ವ್ಯಾಪಾರ ನಡೆಯಕೂಡದು, ತುರುಕರು ಬರಕೂಡದು, ಕಲ್ಲಿಕೋಟೆಗೆ ಹಡಗು ಹೋಗಕೂಡದು ಎಂಬ ನಿರ್ಬಂಧಗಳನ್ನೂ ವಿಧಿಸಿದನೆಂದು ಪೋರ್ಚುಗೀಸ್ ವೃತ್ತಾಂತಗಳು ಹೇಳುತ್ತವೆ. ಭಟ್ಕಳದಲ್ಲಿ ಕತ್ತಿಯ ಮೊನೆಯಿಂದ ಹೇಳಿದ ಮಾತುಗಳೇ ತರುವಾಯ ಕರ್ತಾಜಿನಲ್ಲಿ ಬರಹಕ್ಕೆ ಬಂದವು.

ಹಡಗಿನ ಹೆಸರು ಮತ್ತು ಗಾತ್ರ, ಅದರ ನಾಯಕನ ಹೆಸರು, ಅದರಲ್ಲಿರುವ ಆಯುಧಗಳು, ಹೊರಡುವ ಮತ್ತು ಸೇರುವ ಬಂದರು, ಇಷ್ಟನ್ನೂ ಈ ಪತ್ರದಲ್ಲಿ ನಮೂದಿಸುತ್ತಿದ್ದರು. ಮೆಣಸೇ ಮೊದಲಾದ ಸಾಂಬಾರ ಪದಾರ್ಥಗಳನ್ನೂ ಯುದ್ಧಕ್ಕೆ ಒದಗುವ ಸಾಮಗ್ರಿಗಳನ್ನೂ ತುಂಬಕೂಡದು; ತುರುಕರನ್ನು ಹತ್ತಿಸಿಕೊಳ್ಳಕೂಡದು; ಪೋರ್ಚುಗೀಸರ ಬಂದರನ್ನು ಮುಟ್ಟಿ ಸುಂಕವನ್ನು ಒಪ್ಪಿಸಿ ಹೋಗತಕ್ಕದ್ದು. ಪತ್ರದ ಬೆಲೆ ಅಲ್ಪವಾದುದು. ಆದರೆ ಅದು ಎಳೆದು ತರುತ್ತಿದ್ದ ಸುಂಕವು ಅಲ್ಪವಾದುದಲ್ಲ. ಪತ್ರವಿಲ್ಲದೆ ಸಿಕ್ಕಿದ ಹಡಗೂ ಸರಕೂ ಹಿಡಿದವರ ಪಾಲು.

ಇದಕ್ಕೆ ಆಧಾರವೇನೆಂಬ ಪ್ರಶ್ನೆಯನ್ನು ಪೋರ್ಚುಗೀಸರೇ ಎತ್ತಿಕೊಂಡಿದ್ದರು. ಸಮುದ್ರವು ಎಲ್ಲರಿಗೂ ಸಮಾನವೆಂಬ ನಿಯಮವು ಯೂರೋಪಿನ ಕ್ರೈಸ್ತರೊಳಗೆ ಸಲ್ಲುವುದೇ ಹೊರತು, ಆ ಧರ್ಮಕ್ಕೆ ಹೊರಗಾದ ಹಿಂದೂಗಳಿಗೂ ಮುಸಲ್ಮಾನರಿಗೂ ಸಲ್ಲದೆಂದು ಅವರ ಇತಿಹಾಸಕಾರನಾದ ಬಾರೋಸನು ವಾದಿಸಿದನು.

ಈ ಪತ್ರದ ಬಾಧೆಯು ಚಿಕ್ಕ ವರ್ತಕರಿಗೆ ಮಾತ್ರ ತಟ್ಟಿದುದಲ್ಲ. ಅಕ್ಬರನ ಮನೆತನದ ಗುಲ್ಬದನ್ ಬೇಗಮಳು ಮಕ್ಕಾಯಾತ್ರೆಗೆ ಹೊರಟಾಗ ಸೂರತ್ತಿನಲ್ಲಿ ಕಾದಿದ್ದು, ೧೫೭೬ರಲ್ಲಿ ಹಡಗನ್ನೇರಬೇಕಾಯಿತು. ಆ ಪತ್ರಗಳ ಮೇಲೆ ಮೇರಿಯ ಮತ್ತು ಯೇಸುವಿನ ಚಿತ್ರಗಳಿರುತ್ತಿದ್ದುದರಿಂದ, ಅವನ್ನು ಹಿಡಿದು ಯಾತ್ರೆಮಾಡುವುದು ಧರ್ಮಸಮ್ಮತವೇ ಎಂಬ ಚರ್ಚೆಯು ಹುಟ್ಟಿದುದನ್ನು ಬದಾಯೂನಿಯು ಹೇಳಿದ್ದಾನೆ. ಪತ್ರವಿದ್ದ ಮಾತ್ರಕ್ಕೆ ಕ್ಷೇಮವೂ ನಿಶ್ಚಯವಾಗಿರಲಿಲ್ಲ. ಜಹಾಂಗೀರನ ತಾಯಿಗೆ ಸೇರಿದ ‘ರಹೀಮಿ’ ಎಂಬ ದೊಡ್ಡ ಹಡಗನ್ನು, ಕರ್ತಾಜ್ ಇದ್ದರೂ, ೧೬೧೩ರಲ್ಲಿ ಪೋರ್ಚುಗೀಸರು ಹಿಡಿದರು. ಬರೆದವನೇ ಮೀರಬಹುದಾದ ಪತ್ರವು ಹಕ್ಕಿನ ಪತ್ರವಲ್ಲ, ಬರೆದವನ ಮರ್ಜಿಯ ಪತ್ರ.

೩. ಅಕ್ಕಿಯೂ ಕಾಗದವೂ

ಕನ್ನಡ ಕರಾವಳಿಯಲ್ಲಿ ಪೋರ್ಚುಗೀಸರು ೧೫೬೮ರಲ್ಲಿ ಮಂಗಳೂರಿನಲ್ಲಿಯೂ ೧೫೬೯ರಲ್ಲಿ ಹೊನ್ನಾವರ ಮತ್ತು ಬಸರೂರುಗಳಲ್ಲಿಯೂ ಕೋಟೆಗಳನ್ನು ಹಿಡಿದು ನೆಲೆನಿಂತರು. ಈ ಕೋಟೆಗಳ ಸುತ್ತಣ ನಾಡು ಅವರದಾಗಲಿಲ್ಲ. ಗದ್ದೆಗಳೂ ಘಟ್ಟದ ಮೆಣಸಿನ ಬಳ್ಳಿಗಳೂ ದೇಶೀಯ ಅರಸರವೇ ಆಗಿದ್ದವು. ಹೊಳೆಯ ಬಾಯಿ ಮಾತ್ರ ಪರರ ಕಾವಲಿಗೆ ಒಳಗಾಯಿತು.

ಆದರೂ ಈ ಸಂಬಂಧವು ಒಮ್ಮುಖವಾದುದೆಂದು ತಿಳಿಯಲಾಗದು. ಗೋವೆಯು ತನ್ನ ಅನ್ನಕ್ಕಾಗಿ ಬಹುಮಟ್ಟಿಗೆ ಕೆನರಾ ಪ್ರಾಂತದ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ಕೆಳದಿಯ ಅರಸರಿಗೆ ಸಮುದ್ರದಲ್ಲಿ ಗೋವೆಯ ಕಾಗದವು ಬೇಕು; ಗೋವೆಗೆ ಕೆಳದಿಯ ಅಕ್ಕಿಯು ಬೇಕು. ಶಿವಪ್ಪನಾಯಕನು ೧೬೫೨ರಿಂದ ೧೬೫೪ರೊಳಗೆ ಬಸರೂರು, ಹೊನ್ನಾವರ, ಮಂಗಳೂರುಗಳ ಕೋಟೆಗಳನ್ನು ಕೈವಶಮಾಡಿಕೊಂಡನು. ನೆಲದ ಮೇಲಿನ ಪ್ರಶ್ನೆಯು ಅಲ್ಲಿಗೆ ಮುಗಿಯಿತು. ಆದರೆ ನೀರಿನ ಮೇಲಿನ ಪ್ರಶ್ನೆಯು ಮುಗಿಯಲಿಲ್ಲ. ಕೋಟೆಯನ್ನು ಮುತ್ತಿಗೆಹಾಕಿ ಹಿಡಿಯಬಹುದು. ಅಳಿವೆಯಾಚೆ ಸುಳಿದಾಡುವ ನೌಕಾಪಡೆಯನ್ನು ಮುತ್ತಿಗೆಯಿಂದ ಹಿಡಿಯಲಾಗದು. ಆದಕಾರಣವೇ ಕೋಟೆಗಳನ್ನು ಗೆದ್ದ ಮನೆತನವೂ ತರುವಾಯ ಗೋವೆಯೊಡನೆ ಒಪ್ಪಂದಗಳನ್ನು ಮಾಡಿಕೊಳ್ಳಬೇಕಾಯಿತು. ಚೆನ್ನಮ್ಮಾಜಿಯ ಆಳಿಕೆಯಲ್ಲಿ, ೧೬೭೮ರಲ್ಲಿ, ಆದ ಒಪ್ಪಂದದಿಂದ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿಯು ದೊರೆಯಿತು.

ಮುಂದಿನ ಘಟ್ಟವು ಇನ್ನೂ ಗಮನಾರ್ಹವಾದುದು. ಓಮಾನಿನ ಅರಬರು ಈ ವೇಳೆಗೆ ಸಮುದ್ರದಲ್ಲಿ ಪೋರ್ಚುಗೀಸರಿಗೆ ಪ್ರಬಲ ಶತ್ರುಗಳಾಗಿದ್ದರು. ಕೆಳದಿಯ ಅಕ್ಕಿಗಾದರೋ ಅವರು ಹಳೆಯ ಗಿರಾಕಿಗಳು. ೧೭೧೩ರಲ್ಲಿ ಗೋವೆಯ ನೌಕಾಪಡೆಯು ಕೆಳದಿಯ ಬಂದರುಗಳ ಮೇಲೆ ಬಿದ್ದು ಹಡಗುಗಳನ್ನು ಸುಟ್ಟಿತು. ೧೭೧೪ರ ಸಂಧಿಯಲ್ಲಿ ಅರಬರೊಡನೆ ಇದ್ದ ಸಂಪರ್ಕವನ್ನು ತಡೆಯುವ ಷರತ್ತುಗಳು ಸೇರಿದವು. ತನ್ನ ಬಂದರಿಗೆ ಯಾರು ಬರಬಹುದೆಂಬುದನ್ನು ತಾನೇ ನಿರ್ಣಯಿಸುವ ಅಧಿಕಾರವು ಪ್ರಭುತ್ವದ ಲಕ್ಷಣಗಳಲ್ಲಿ ಒಂದು. ಮೂರನೆಯ ಪತ್ರವನ್ನು ಕೊಡುತ್ತಿದ್ದವರು ಇಲ್ಲಿ ಎರಡನೆಯ ಪತ್ರದ ಅಧಿಕಾರಕ್ಕೂ ಕೈಹಾಕಿದರು. ಅಭಯಶಾಸನವನ್ನು ಕೊಡಬೇಕಾದ ಅರಸನೇ ಅಭಯವನ್ನು ಬೇಡುವ ಸ್ಥಿತಿಗೆ ಬಂದನು.

೪. ತದಡಿಯಿಂದ ಹೊರಟ ರಾಯಭಾರ

೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಈ ಕರಾವಳಿಯು ಶ್ರೀರಂಗಪಟ್ಟಣಕ್ಕೆ ಸೇರಿತು. ಅವನ ಮಗ ಟಿಪ್ಪುಸುಲ್ತಾನನು ಕಳುಹಿಸಿದ ರಾಯಭಾರವೊಂದು ೧೭೮೬ರ ಮಾರ್ಚಿಯಲ್ಲಿ ಗೋಕರ್ಣದ ಬಳಿಯ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಗುಲಾಮ್ ಅಲಿಖಾನನು ಅದರ ಮುಖ್ಯಸ್ಥ. ಮಸ್ಕತ್, ಬೂಷಹರ್, ಬಸ್ರಾ ಬಂದರುಗಳನ್ನು ಮುಟ್ಟಿ, ಬಾಗ್ದಾದಿನ ಮೇಲೆ ಕಾನ್‌ಸ್ಟಾಂಟಿನೋಪಲನ್ನು ಸೇರುವುದು ಅದರ ಮಾರ್ಗ. ಜತೆಯಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರನು ಬರೆದಿಟ್ಟ ಪಾರಸಿ ದಿನಚರಿಯು ಉಳಿದುಬಂದಿದ್ದು, ೧೯೬೮ರಲ್ಲಿ ಮೊಹಿಬ್ಬುಲ್ ಹಸನರ ಸಂಪಾದಕತ್ವದಲ್ಲಿ ಅಚ್ಚಾಗಿದೆ.

ಈ ರಾಯಭಾರದ ಉದ್ದೇಶಗಳಲ್ಲಿ ಒಂದು ಪ್ರಕೃತ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಬಸ್ರಾ ಬಂದರನ್ನು ಗುತ್ತಿಗೆಗೆ ಪಡೆದು, ಅದಕ್ಕೆ ಪ್ರತಿಯಾಗಿ ತುರ್ಕರಿಗೆ ಮಂಗಳೂರಿನಲ್ಲಿ ಸೌಕರ್ಯಗಳನ್ನು ಕೊಡುವುದು ಟಿಪ್ಪುವಿನ ಯೋಜನೆಯಾಗಿತ್ತು. ಮಸ್ಕತ್ತಿನಲ್ಲಿ ಮೈಸೂರಿನ ಕೋಠಿಯು ಆಗಲೇ ನಡೆಯುತ್ತಿದ್ದಿತು. ನಡುಗಡಲ ಕಾಗದಕ್ಕಾಗಿ ಮೂರನೆಯವನೊಬ್ಬನ ಮುಂದೆ ನಿಲ್ಲುವುದಕ್ಕೆ ಬದಲಾಗಿ, ಬಂದರಿನ ಒಡೆಯನು ಬಂದರಿನ ಒಡೆಯನೊಡನೆ ಸಮಾನನಾಗಿ ಮಾತಾಡಿ ಪರಸ್ಪರ ಪ್ರವೇಶವನ್ನು ಪಡೆಯುವ ಹಳೆಯ ಕ್ರಮವನ್ನೇ ಇದು ಹೊಸದಾಗಿ ಹಿಡಿಯಿತೆನ್ನಬಹುದು.

ಫಲವು ಉದ್ದೇಶಕ್ಕೆ ಸಮನಾಗಲಿಲ್ಲ. ಪರರಾಜ್ಯದ ಹೊಸ್ತಿಲಲ್ಲಿ ಮುಂದಿನ ಪ್ರಯಾಣವು ಅಲ್ಲಿಯ ಅಧಿಕಾರಿಗಳ ಸಮ್ಮತಿಯನ್ನೇ ಅವಲಂಬಿಸಿದ್ದಿತು. ಬಸ್ರಾದಲ್ಲಿ ದೀರ್ಘಕಾಲ ಕಳೆಯಿತು. ೧೭೮೭ರಲ್ಲಿ ರಾಜಧಾನಿಯನ್ನು ಸೇರಿದ ರಾಯಭಾರಿಗಳಿಗೆ ಮರ್ಯಾದೆಯೂ ಟಿಪ್ಪುವಿನ ರಾಜಪದವಿಗೆ ಮನ್ನಣೆಯೂ ದೊರೆತವೇ ಹೊರತು, ಬಂದರು ದೊರೆಯಲಿಲ್ಲ. ರೋಗಕ್ಕೂ ದಾರಿಯ ಕಷ್ಟಗಳಿಗೂ ಪರಿವಾರದವರಲ್ಲಿ ಬಹುಮಂದಿ ಬಲಿಯಾದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆನರಾ ಕರಾವಳಿಯು ಇಂಗ್ಲಿಷ್ ಕಂಪೆನಿಗೆ ಸೇರಿ, ನೆಲದ ಒಡೆತನವೂ ನೀರಿನ ಒಡೆತನವೂ ಒಂದೇ ಕೈಗೆ ಹೋದವು.

೫. ಉಪಸಂಹಾರ

ಸಮುದ್ರವು ಯಾರ ಸ್ವತ್ತೂ ಅಲ್ಲವೆಂದು ಡಚ್ ಪಂಡಿತ ಗ್ರೋಷಿಯಸನು ೧೬೦೯ರಲ್ಲಿ ಪೋರ್ಚುಗೀಸರಿಗೆ ವಿರುದ್ಧವಾಗಿ ವಾದಿಸಿದುದು ಸುಪ್ರಸಿದ್ಧವಾಗಿದೆ. ಅವನ ದೇಶದವರೇ ಏಷ್ಯದ ಕಡಲಿನಲ್ಲಿ ಬಲವಂತರಾದ ಮೇಲೆ ತಮ್ಮ ಪಾಸುಗಳನ್ನು ಕೊಡತೊಡಗಿದರೆಂಬುದೂ ಅಷ್ಟೇ ನಿಜ. ತತ್ತ್ವವು ಆಚರಣೆಗೆ ಬರಲು ಬಹುಕಾಲ ಹಿಡಿಯಿತು. ೧೯೮೨ರ ಸಮುದ್ರನ್ಯಾಯದ ಒಡಂಬಡಿಕೆಯು ಮಹಾಸಾಗರದಲ್ಲಿ ಸರ್ವರಾಷ್ಟ್ರಗಳ ಸಂಚಾರಸ್ವಾತಂತ್ರ್ಯವನ್ನು ಲಿಖಿತವಾಗಿ ಸ್ಥಾಪಿಸಿದೆ. ಭಾರತದಲ್ಲಿ ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶಯಾನವು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾನೂನು ಬಂದಿತು. ಪರದೇಶದ ಪ್ರವಾಸಿಗಳಿಗೆ ವಿದ್ಯುನ್ಮಾನ ವೀಸಾದ ಸೌಕರ್ಯವನ್ನು ೨೦೧೭ರಲ್ಲಿ ಬಂದರುಗಳಿಗೂ ವಿಸ್ತರಿಸಿದಾಗ ಮಂಗಳೂರು ಮೊದಲ ಕೆಲವು ಬಂದರುಗಳಲ್ಲಿ ಒಂದಾಯಿತು.

ಮೇಲಿನ ವಿವೇಚನೆಯಿಂದ ಒಂದು ಅಂಶವು ಸ್ಪಷ್ಟವಾಗುವುದು. ಕರ್ತಾಜನ್ನು ಪಾಸ್‌ಪೋರ್ಟೆನ್ನುವುದಾಗಲಿ ವೀಸಾವೆನ್ನುವುದಾಗಲಿ ಸರಿಯಲ್ಲ. ಪಾಸ್‌ಪೋರ್ಟಿನಲ್ಲಿ ಪ್ರಜೆಗೂ ಪ್ರಭುವಿಗೂ ಇರುವ ಸಂಬಂಧವಿದೆ. ವೀಸಾದಲ್ಲಿ ಅತಿಥಿಗೂ ಆತಿಥೇಯನಿಗೂ ಇರುವ ಸಂಬಂಧವಿದೆ. ಕರ್ತಾಜಿನಲ್ಲಿ ಇವೆರಡೂ ಇಲ್ಲ. ಅದು ದಾರಿಯನ್ನು ಕಟ್ಟಿದವನೇ ದಾರಿಯನ್ನು ಬಿಟ್ಟುಕೊಟ್ಟುದಕ್ಕೆ ಬರೆದ ರಸೀತಿ. ಅನುವಾದದಲ್ಲಿ ಇಂಥ ಪತ್ರಕ್ಕೆ ಒಪ್ಪುವ ಹೆಸರನ್ನು ಇಡುವುದು ಕೇವಲ ಶಬ್ದದ ಮಾತಲ್ಲ; ಬಲಾತ್ಕಾರವನ್ನು ವ್ಯವಸ್ಥೆಯ ಹೆಸರಿನಿಂದ ಕರೆಯಬೇಕೇ ಬೇಡವೇ ಎಂಬ ಮಾತು. ಮೂಲಶಬ್ದವನ್ನೇ ಉಳಿಸಿಕೊಳ್ಳುವುದು ಲೇಸೆಂದು ತೋರುತ್ತದೆ. ಇಂದು ಪಣಂಬೂರಿನ ಹೊಸ ಬಂದರಿನಲ್ಲಿ ವಿಹಾರನೌಕೆಯಿಂದ ಇಳಿಯುವ ಪ್ರವಾಸಿಯ ಕೈಯಲ್ಲಿ ಎರಡೇ ಪತ್ರಗಳಿರುತ್ತವೆ, ಮೂರನೆಯದಿಲ್ಲ. ಅದು ಇಲ್ಲವಾದುದೇ ಈ ಕರಾವಳಿಯ ನಾಲ್ಕು ಶತಮಾನಗಳ ಇತಿಹಾಸದಲ್ಲಿ ಒಂದು ಮುಖ್ಯ ಘಟನೆ.