ಒಲೆಯ ಆಯುಸ್ಸು ಜಾಲರಿಯಲ್ಲಿ

ಮೈಸೂರಿನ ನಜರ್‌ಬಾದ್ ಬಡಾವಣೆ ಹುಟ್ಟಿದ್ದೇ ಬೇರೆಡೆಯಿಂದ ಕಳಚಿ ತಂದ ಕಲ್ಲುಗಳಿಂದ. 1787ರ ಸುಮಾರಿಗೆ ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಸುಮಾರು ಒಂದು ಮೈಲಿ ದೂರದ ದಿಬ್ಬದಲ್ಲಿ ನಜರ್‌ಬಾದ್ ಕೋಟೆಯನ್ನು ಕಟ್ಟಿಸತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕಲ್ಲುಗಳು ಮರಳಿ ಮೈಸೂರು ಕೋಟೆ ಸೇರಿದವು. ಎರಡು ಬಾರಿ ಕಳಚಿದರೂ ಕಲ್ಲು ಕಲ್ಲಾಗಿಯೇ ಉಳಿಯಿತು. ಬೆಂಕಿಯೊಡನೆ ಬಾಳುವ ಕಬ್ಬಿಣಕ್ಕೆ ಈ ಭಾಗ್ಯವಿಲ್ಲ.

ನಜರ್‌ಬಾದಿನ ಆಸುಪಾಸಿನಲ್ಲೇ ಇರುವ ಮೃಗಾಲಯ, ಕಾರಂಜಿ ಕೆರೆಗಳನ್ನು ನೋಡಿ ಬರುವವರಿಗೆ ಮುಸುಕಿನ ಜೋಳ ಸುಟ್ಟು ಕೊಡುವ ಗಾಡಿಗಳ ಇದ್ದಿಲ ಒಲೆಯನ್ನೇ ನೋಡಿ. ಒಲೆಯ ಮೈ ವರ್ಷಗಟ್ಟಲೆ ಬಾಳುತ್ತದೆ. ಮೊದಲು ಸೋಲುವುದು ಕೆಂಡವನ್ನು ಹೊತ್ತ ಜಾಲರಿ. ಕೆಳಗಿನಿಂದ ಗಾಳಿ ಒಳಬಿಟ್ಟು ಬೂದಿಯನ್ನು ಕೆಳಗೆ ಉದುರಿಸುವುದು ಅದರ ಕೆಲಸ. ಜಾಲರಿ ಬಾಗಿತೆಂದರೆ ಗಾಳಿಯ ದಾರಿ ಕಟ್ಟುತ್ತದೆ, ಇದ್ದಿಲು ಹೆಚ್ಚು ಬೇಕಾಗುತ್ತದೆ, ಹೊಗೆ ಏಳುತ್ತದೆ.

ಇದ್ದಿಲು ಮತ್ತು ಬೀಡುಕಬ್ಬಿಣ ನಮ್ಮ ನಾಡಿನಲ್ಲಿ ಒಂದೇ ಸೂರಿನಡಿ ತಯಾರಾದದ್ದೂ ಉಂಟು. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಮೈಸೂರು ಸಂಸ್ಥಾನದ ಕಾರ್ಖಾನೆಯಲ್ಲಿ ಮಲೆನಾಡಿನ ಮರವನ್ನು ಬಟ್ಟಿಯಿಳಿಸಿ ಇದ್ದಿಲು ಮಾಡಿ, ಅದರಿಂದಲೇ ಕಬ್ಬಿಣದ ಅದಿರನ್ನು ಕರಗಿಸುತ್ತಿದ್ದರು.

ಒಲೆಯ ಜಾಲರಿಗೆ ಇಂದಿಗೂ ಬೀಡುಕಬ್ಬಿಣವೇ ಒಗ್ಗುವ ಲೋಹ. ಸಾಧಾರಣ ಉಕ್ಕಿನ ಸರಳು ಕೆಂಪಗೆ ಕಾದಾಗ ಜೋಲುತ್ತದೆ, ಪದರ ಪದರವಾಗಿ ಉದುರುತ್ತದೆ. ದಪ್ಪ ಎರಕದ ಜಾಲರಿ ಅದಕ್ಕಿಂತ ಹೆಚ್ಚು ತಾಳುತ್ತದೆ. ಆದರೆ ಕಾದಾಗ ನೀರು ಸುರಿದರೆ ಸೀಳಿಹೋಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ, ಸತುವಿನ ಲೇಪವಿರುವ ತಂತಿಬಲೆಯಂತೂ ಸಲ್ಲದು. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 907 ಡಿಗ್ರಿಯಲ್ಲಿ ಆವಿಯಾಗುತ್ತದೆ. ಅದರ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಅಳತೆಯಲ್ಲೂ ಒಂದು ಗುಟ್ಟಿದೆ. 1 ಅಡಿ ಉದ್ದದ ಕಬ್ಬಿಣ 600 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಜಾಲರಿ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಇಲ್ಲವೇ ಒಲೆಯ ಗೋಡೆಯನ್ನೇ ಒಡೆಯುತ್ತದೆ. ಆದ್ದರಿಂದ ಹೊಸ ಜಾಲರಿ ತನ್ನ ಗೂಡಿಗಿಂತ ಕೊಂಚ ಚಿಕ್ಕದಿರಬೇಕು. ಬೆಸೆಯದೆ ಸುಮ್ಮನೆ ಕೂರಿಸಿರಬೇಕು.

ಈ ಸಣ್ಣ ವಿಷಯ ದೊಡ್ಡ ಯೋಜನೆಗಳಿಗೂ ಪಾಠ ಹೇಳಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, 1980ರ ದಶಕದಲ್ಲಿ ಜಾಲರಿ ಮತ್ತು ಹೊಗೆಕೊಳವೆ ಇರುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಸೌದೆಯ ಉಳಿತಾಯ, ಹೊಗೆಯಿಲ್ಲದ ಅಡುಗೆಮನೆ ಅದರ ಗುರಿ. ಅಂಥ ಸುಧಾರಿತ ಒಲೆಗಳನ್ನು ಮನೆಮನೆಗೆ ಮುಟ್ಟಿಸಲು ಕೇಂದ್ರ ಸರ್ಕಾರ ಅದೇ ದಶಕದಲ್ಲಿ ಕೈಗೊಂಡ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. ಒಲೆ ಕಟ್ಟಿಕೊಡಲು ಸಹಾಯಧನವಿತ್ತು. ಕೊಳವೆ ಮಸಿಗಟ್ಟಿದಾಗ, ಜಾಲರಿ ಮುರಿದಾಗ ನೋಡುವವರು ಅನೇಕ ಕಡೆ ಇರಲಿಲ್ಲ. ಹೊಗೆ ಮತ್ತೆ ಹೆಂಗಸರ ಕಣ್ಣಿಗೂ ಎದೆಗೂ ಮರಳಿತು.

ಆರೈಕೆ ಕಷ್ಟದ್ದೇನಲ್ಲ. ಆರಿದ ಬೂದಿಯನ್ನು ದಿನವೂ ತೆಗೆಯಬೇಕು. ಬೂದಿ ತುಂಬಿದರೆ ತಂಪು ಗಾಳಿ ತಾಗದೆ ಸರಳು ಬೇಗ ಸುಡುತ್ತದೆ. ಮಳೆಗಾಲದಲ್ಲಿ ಎಣ್ಣೆ ಸವರಿ ಒಣ ಜಾಗದಲ್ಲಿಡಬೇಕು. ತಿನಿಸು ತಾಗುವ ಮೇಲಿನ ಸರಳುಗಳನ್ನು ತಂತಿ ಬ್ರಷ್ಷಿನ ಬದಲು ತೆಂಗಿನ ನಾರಿನಿಂದ ಉಜ್ಜುವುದು ಲೇಸು. ಕಳಚಿದ ತಂತಿಯ ಎಳೆ ಆಹಾರದೊಡನೆ ಗಂಟಲಿಗೆ ಇಳಿದ ಪ್ರಕರಣಗಳಿವೆ.

ಕೋಟೆಯ ಕಲ್ಲನ್ನು ಹೊತ್ತೊಯ್ಯಲು, ಹೊತ್ತು ತರಲು ರಾಜಾಜ್ಞೆ ಬೇಕಿತ್ತು. ಜಾಲರಿ ಬದಲಿಸಲು ಬೇಕಾದದ್ದು ಊರಿನಲ್ಲೊಬ್ಬ ಎರಕದವ ಮತ್ತು ಸರಿಯಾದ ಅಳತೆ ಮಾತ್ರ.